ಎರಡು ಇಂಚಿನ ಹೊಣೆ

ಆ ಬೀದಿಯ ದರ್ಜಿಗೆ ಇದ್ದದ್ದು ಒಂದೇ ಹೆಮ್ಮೆ. ಮನೆ ಬಾಡಿಗೆಯದು, ಕತ್ತರಿ ಅಪ್ಪನಿಂದ ಬಂದದ್ದು, ಹೊಲಿಗೆ ಮೆಷಿನ್ನು ಮಾವ ಕೊಟ್ಟದ್ದು, ತಲೆಗೂದಲು ಕೂಡ ಅರ್ಧಕ್ಕಿಂತ ಹೆಚ್ಚು ಬಿಟ್ಟುಹೋಗಿತ್ತು. ಅಳತೆ ಮಾತ್ರ ಪೂರ್ತಿ ಅವನದೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ನೂಲಿನಷ್ಟೂ ತಪ್ಪಿಲ್ಲ ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಅವರು ಕೇಳದಿದ್ದಾಗಲೂ ಹೇಳುತ್ತಿದ್ದ.

"ನಾನು ತಪ್ಪಬಹುದು, ನನ್ನ ಟೇಪು ತಪ್ಪಲ್ಲ" ಎಂಬುದು ಅವನ ಮಾತು. ತಾನೂ ತಪ್ಪುವುದಿಲ್ಲ ಎಂಬುದನ್ನು ಕೇಳಿದವರೇ ಸೇರಿಸಿಕೊಳ್ಳಬೇಕಾಗಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಪರದೆಯ ಹಿಂದೆ ಸಂಸಾರ. ಹೆಂಡತಿ ಕಾಜ ಮಾಡಿ ಗುಂಡಿ ಹೊಲಿಯುತ್ತಿದ್ದಳು. ಎಪ್ಪತ್ತೆಂಟು ವರ್ಷದ ತಾಯಿ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚುತ್ತಿದ್ದಳು. ಮೂರನೇ ಕ್ಲಾಸಿನಲ್ಲಿ ಓದುವ ಒಬ್ಬಳೇ ಮಗಳು ಎಲ್ಲಿ ಹೋದರೂ ಅವಳ ಫ್ರಾಕಿಗೆ ನಾಲ್ಕೈದು ಬಣ್ಣದ ದಾರ ಅಂಟಿಕೊಂಡೇ ಇರುತ್ತಿದ್ದುದರಿಂದ ಅವಳನ್ನು ಎಲ್ಲರೂ ದಾರದುಂಡೆ ಎಂದು ಕರೆಯುತ್ತಿದ್ದರು. ಸುಸ್ತಾದಾಗ ಬರೀ ಉಂಡೆ.

ದರ್ಜಿ ಕೆಲಸಕ್ಕೆ ನಿಂತರೆ ಬಾಯಿ ತುಂಬ ಗುಂಡುಸೂಜಿ. ಹತ್ತು ಹನ್ನೆರಡು ಸೂಜಿಗಳನ್ನು ತುಟಿಯ ಮಧ್ಯೆ ಇಟ್ಟುಕೊಂಡವನು ಆಡಬಹುದಾದ ಮಾತು ಒಂದೇ, "ಹೂಂ." ಸೊಪ್ಪು ತರಲಾ ಎಂದರೂ ಹೂಂ, ಬೇಡವಾ ಎಂದರೂ ಹೂಂ. ಆ ಮನೆಯ ಎಷ್ಟೋ ದೊಡ್ಡ ತೀರ್ಮಾನಗಳು ಹೀಗೆಯೇ ಆಗಿದ್ದವು.

ಮೊದಲು ದೂರು ತಂದವರು ವಕೀಲರು. ಹೊಸ ಕಪ್ಪು ಕೋಟು ತೊಟ್ಟುಕೊಂಡೇ ಬಂದರು, ಆದರೆ ಮಾತಾಡುವಾಗ ಒಂದೊಂದು ವಾಕ್ಯದ ಮಧ್ಯೆಯೂ ನಿಲ್ಲುತ್ತಿದ್ದರು.

"ಗುಂಡಿ ಹಾಕಿದ್ರೆ ಉಸಿರಾಡಕ್ಕಾಗಲ್ಲ. ಉಸಿರಾಡಿದ್ರೆ ಗುಂಡಿ ನಿಲ್ಲಲ್ಲ. ಎರಡರಲ್ಲಿ ಯಾವುದನ್ನ ಬಿಡ್ಲಿ ಹೇಳು."

ದರ್ಜಿ ಬಾಯಿಂದ ಸೂಜಿ ತೆಗೆದು, ಅಳತೆ ಪುಸ್ತಕ ತಂದು, ಬೆರಳಿಟ್ಟು ತೋರಿಸಿದ.

"ನೋಡಿ ವಕೀಲರೇ. ಹೋದ ವರ್ಷ ನಿಮ್ಮ ಎದೆ ನಲವತ್ತು. ಈ ವರ್ಷ ನಲವತ್ತೆರಡು. ಹೊಲಿಯೋಕೆ ಕೊಟ್ಟು ಹೋದ ಮೇಲೂ ಬೆಳ್ಕೊಂಡೇ ಹೋಗಿದೀರ. ಇದನ್ನ ನಾನು ಹೇಳ್ತಿಲ್ಲ, ಟೇಪು ಹೇಳ್ತಿದೆ."

ಬರವಣಿಗೆಯಲ್ಲಿ ಇದ್ದದ್ದನ್ನು ವಕೀಲರು ಅಲ್ಲಗಳೆಯುವವರಲ್ಲ. ಮರುದಿನದಿಂದ ಅವರು ಸಕ್ಕರೆ ಬಿಟ್ಟರು. ಸೂರ್ಯ ಹುಟ್ಟುವ ಮೊದಲೇ ಕೈ ಬೀಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು.

ಆಮೇಲೆ ಬೇಕರಿಯವನು ಬಂದ. ಅವನದೂ ಎರಡು ಇಂಚು ಹೆಚ್ಚಾಗಿತ್ತು. ತಾನು ಮಾಡಿದ ಬ್ರೆಡ್ಡನ್ನು ತಾನೇ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಹೋದ. ಅದನ್ನು ಕೇಳಿದ ಅವನ ಗಿರಾಕಿಗಳು ಬ್ರೆಡ್ಡಿನಲ್ಲಿ ಏನೋ ದೋಷವಿರಬೇಕೆಂದು ತಾವೂ ಬಿಟ್ಟರು. ಪೋಸ್ಟ್‌ಮ್ಯಾನ್ ದಿನಕ್ಕೆ ಐದಾರು ಮೈಲಿ ನಡೆಯುವ ಮನುಷ್ಯ, ಅವನದೂ ಎರಡು ಇಂಚು. ತನಗೆ ಏನೋ ಒಳಕಾಯಿಲೆ ಎಂದುಕೊಂಡು ಅವನು ಯಾರಿಗೂ ಹೇಳದೆ ಕೊರಗಿದ.

ಹೀಗೆ ಒಂದೇ ತಿಂಗಳಲ್ಲಿ ಆ ಬೀದಿ ಗಂಭೀರವಾಯಿತು. ಗಂಡಸರು ಎದುರಾದರೆ ಹೊಟ್ಟೆ ಒಳಗೆಳೆದುಕೊಂಡು, ಉಸಿರು ಹಿಡಿದು, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ನಿಂತು ಹರಟುವುದು ನಿಂತುಹೋಯಿತು, ಅದಕ್ಕೆ ಉಸಿರು ಬೇಕು.

ಆ ತಿಂಗಳಲ್ಲೇ ದರ್ಜಿಗೆ ಜೀವಮಾನದ ಕೆಲಸ ಸಿಕ್ಕಿತ್ತು. ಬೀದಿಯ ಕೊನೆಯಲ್ಲಿದ್ದ ಫೈರ್ ಸ್ಟೇಷನ್ನಿನ ಹನ್ನೆರಡು ಜನರಿಗೂ ಅವರ ಸಾಹೇಬರಿಗೂ ಹೊಸ ಕೋಟುಗಳು. ಮೇಲಧಿಕಾರಿ ತಪಾಸಣೆಗೆ ಬರುವ ದಿನ ಗೊತ್ತಾಗಿತ್ತು. ಹಿಂದಿನ ದಿನ ಕೋಟುಗಳು ಹೋದವು. ಹನ್ನೆರಡು ಜನರೂ ತೊಟ್ಟು ನೋಡಿದರು. ಹನ್ನೆರಡು ಜನರೂ ತಾನೊಬ್ಬನೇ ದಪ್ಪಗಾಗಿದ್ದೇನೆಂದು ನಾಚಿ, ಬಾಯಿ ಮುಚ್ಚಿಕೊಂಡು, ಆ ದಿನ ಊಟ ಬಿಟ್ಟರು.

ತಪಾಸಣೆಯ ಬೆಳಿಗ್ಗೆ ಸಾಲಾಗಿ ನಿಂತಾಗ ನೋಡಲು ಚೆನ್ನಾಗಿಯೇ ಇತ್ತು. ಉದ್ದ ಸರಿ, ತೋಳು ಸರಿ. ಸಾಹೇಬರು ಕಾಲರಿನೊಳಗೆ ಸಿಕ್ಕಿಕೊಂಡ ಕತ್ತಿನಿಂದ, ಇದ್ದ ಧ್ವನಿಯ ಕಾಲುಭಾಗದಲ್ಲಿ, ಎದೆ ಸೆಟೆಸಿ ನಿಲ್ಲುವಂತೆ ಆಜ್ಞೆ ಕೊಟ್ಟರು. ಶಿಸ್ತಿನ ಪಡೆ. ಹದಿಮೂರು ಎದೆಗಳು ಒಟ್ಟಿಗೆ ಉಬ್ಬಿದವು. ಗುಂಡಿಗಳು ಮೇಲಿನಿಂದ ಕೆಳಕ್ಕೆ, ಸರದಿ ತಪ್ಪದೆ, ಒಂದೊಂದಾಗಿ ಹೊರಟವು. ದರ್ಜಿಯ ಹೆಂಡತಿ ಹೊಲಿದ ಗುಂಡಿ ಸುಮ್ಮನೆ ಕಿತ್ತುಬರುವಂಥದ್ದಲ್ಲ, ಹೋಗುವಾಗ ಅಂಗೈಯಗಲ ಬಟ್ಟೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಂದು ಗುಂಡಿ ಮೇಲಧಿಕಾರಿಯ ಕನ್ನಡಕಕ್ಕೆ ಬಡಿಯಿತು. ಅವರು ಅದನ್ನು ಎತ್ತಿಕೊಂಡು, ಕಾಗದದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು.

ಅದೇ ಮಧ್ಯಾಹ್ನ ಸಾಹೇಬರು ಅಂಗಡಿಗೆ ಬಂದರು. ಕೋಟು ಮುಂಭಾಗವಿಲ್ಲದೆ ಬೆನ್ನಿಗೆ ಮಾತ್ರ ಇತ್ತು. ತಮ್ಮ ಕೋಟಿನ ಬಗ್ಗೆ ಇನ್ನೊಮ್ಮೆ ವಿಚಾರಿಸೋಣವೆಂದು ಬಂದಿದ್ದ ವಕೀಲರು ಅಲ್ಲೇ ಇದ್ದರು.

"ಏನಪ್ಪ ಇದು?"

"ಸಾಹೇಬ್ರೇ, ಬಟ್ಟೆದೇನೂ ತಪ್ಪಿಲ್ಲ," ಎಂದ ದರ್ಜಿ, ಪುಸ್ತಕ ತೆರೆಯುತ್ತ. "ನಿಮ್ಮ ಹುಡುಗ್ರು ದಪ್ಪ ಆಗಿದಾರೆ. ಹನ್ನೆರಡು ಜನಾನೂ ಎರಡೆರಡು ಇಂಚು. ಬೆಂಕಿ ಬಿದ್ದು ಎಷ್ಟು ದಿನ ಆಯ್ತೋ ಏನೋ, ಕೂತು ಕೂತು…"

"ಅದನ್ನ ಇಲ್ಲಿ ಕೊಡು," ಎಂದರು ವಕೀಲರು.

ಪುಸ್ತಕ ತೆಗೆದುಕೊಂಡು ಒಂದು ಪುಟ ಓದಿದರು. ಮತ್ತೊಂದು ಪುಟ ಓದಿದರು. ಆಮೇಲೆ ತಮ್ಮ ಎರಡೂ ಕೈ ಮುಂದೆ ಚಾಚಿ, ಜೀವಮಾನದಲ್ಲಿ ಮೊದಲ ಸಲ ಕಂಡವರಂತೆ ನೋಡಿಕೊಂಡರು.

"ಎದೆ ಎರಡು ಇಂಚು ಬೆಳೀತು ಅನ್ನೋದನ್ನ ಒಪ್ಪಿದೆ. ತಿಂಗಳಿಂದ ಸಕ್ಕರೆ ಬಿಟ್ಟಿದೀನಿ. ಆದ್ರೆ ತೋಳು? ಹೋದ ವರ್ಷ ಇಪ್ಪತ್ತಮೂರು, ಈ ವರ್ಷ ಇಪ್ಪತ್ತೈದು. ಐವತ್ತೆರಡನೇ ವಯಸ್ಸಲ್ಲಿ ನನ್ನ ಕೈ ಉದ್ದ ಆಗಿದೆಯಾ?"

"ಆಗಿರ್ಬೇಕು," ಎಂದ ದರ್ಜಿ. ಟೇಪಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

"ಪೋಸ್ಟ್‌ಮ್ಯಾನ್‌ದೂ? ಬೇಕರಿಯವಂದೂ? ಇಡೀ ಬೀದಿಯವರ ಕೈ ಎರಡೆರಡು ಇಂಚು? ಟೇಪು ಕೊಡಪ್ಪ."

ಕೊರಳಿನಿಂದ ಟೇಪು ತೆಗೆದುಕೊಡುವಾಗ ದರ್ಜಿಯ ಮುಖದಲ್ಲಿ ಅವಮಾನವಿತ್ತು. ವಕೀಲರು ಅದರ ಹಿತ್ತಾಳೆ ತುದಿಯನ್ನು ಬೆಳಕಿಗೆ ಹಿಡಿದರು. ಅಲ್ಲಿ ಒಂದು ಇರಲಿಲ್ಲ. ಎರಡೂ ಇರಲಿಲ್ಲ. ಟೇಪು ಮೂರರಿಂದ ಶುರುವಾಗುತ್ತಿತ್ತು.

ದರ್ಜಿ ಆ ತುದಿಯನ್ನು ನೋಡಿದವನೇ ಅಲ್ಲ. ಹೆಬ್ಬೆರಳಿನಲ್ಲಿ ಹಿತ್ತಾಳೆಯನ್ನು ಮುಟ್ಟಿ ಒತ್ತಿ ಹಿಡಿದು, ಇನ್ನೊಂದು ತುದಿಯ ಅಂಕಿಯನ್ನು ಓದುವುದು ಅವನ ರೂಢಿ. ನೇರ ಅಳತೆಗೆ ಇದರಿಂದ ತೊಂದರೆಯಾಗಿರಲಿಲ್ಲ. ಮೈ ಮೇಲೆ ಎರಡು ಹೆಚ್ಚು ಓದಿದರೂ ಬಟ್ಟೆಯ ಮೇಲೆ ಅದೇ ಟೇಪು ಎರಡನ್ನು ಕಡಿಮೆ ಮಾಡಿ ಸರಿದೂಗಿಸುತ್ತಿತ್ತು. ಆದರೆ ಎದೆಯ ಸುತ್ತಳತೆಯನ್ನು ನಾಲ್ಕು ಪಾಲು ಮಾಡಿ ಕತ್ತರಿಸುತ್ತಾರೆ. ಒಂದೊಂದು ಪಾಲಿನಲ್ಲೂ ಎರಡು ಇಂಚು ಮಾಯ. ಹೋದ ಎಂಟರಲ್ಲಿ ಮೈ ಮೇಲೆ ಹೆಚ್ಚಾಗಿ ಓದಿದ ಎರಡನ್ನು ಕಳೆದರೆ, ಒಂದೊಂದು ಕೋಟಿನಲ್ಲೂ ಆರು ಇಂಚು ಬಟ್ಟೆ ಈ ಲೋಕದಲ್ಲೇ ಇರಲಿಲ್ಲ.

"ಹಿತ್ತಾಳೆ ತುದೀನ ಯಾರೋ ಬಿಚ್ಚಿ ಮತ್ತೆ ಹೊಲಿದಿದಾರೆ," ಎಂದರು ವಕೀಲರು.

ದರ್ಜಿ ಟೇಪನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದ. "ಎಷ್ಟು ಸಣ್ಣ ಹೊಲಿಗೆ ಹಾಕಿದಾರೆ," ಎಂದ, ಮೆಚ್ಚಿಕೊಂಡು. ಆಮೇಲೆ ಮುಖ ಬಿಳುಪಾಯಿತು. ಆ ಬೀದಿಯಲ್ಲಿ ಅಂಥ ಹೊಲಿಗೆ ಹಾಕುವವರು ಇಬ್ಬರೇ. ಒಬ್ಬ ಅವನು, ಇನ್ನೊಬ್ಬಳು ಅವನಿಂದಲೇ ಹೊಲಿಗೆ ಕಲಿತವಳು.

ತಾಯಿ ಪರದೆಯ ಹಿಂದಿನಿಂದ ದಾರದುಂಡೆಯ ಗೊಂಬೆಯನ್ನು ತಂದು ಮೇಜಿನ ಮೇಲೆ ಇಟ್ಟಳು. ಗೊಂಬೆಯ ಸೊಂಟದಲ್ಲಿ ಒಂದು ಹಳದಿ ಬೆಲ್ಟು. ಬೆಲ್ಟಿನ ಮೇಲೆ ಒಂದು, ಎರಡು.

ಸಾಹೇಬರು ಗೊಂಬೆಯನ್ನು ಬಹಳ ಹೊತ್ತು ನೋಡಿದರು. ಅದರ ಬೆಲ್ಟು ಅದಕ್ಕೆ ಸರಿಯಾಗಿ ಕೂತಿತ್ತು.

"ಭಾನುವಾರ ಹತ್ತು ಗಂಟೆಗೆ ಬರ್ತೀನಿ. ಯಾರು ಮಾಡಿದ್ದು, ಯಾರು ಹೊಣೆ, ಬರವಣಿಗೇಲಿ ಬೇಕು. ನಾನು ಮೇಲಿನವರಿಗೆ ಉತ್ತರ ಕೊಡ್ಬೇಕು. ಉತ್ತರ ಸರಿ ಇಲ್ಲ ಅಂದ್ರೆ ಈ ಬೀದೀಲಿ ಯಾರೂ ನಿನ್ನ ಕೈಗೆ ಒಂದು ಕರ್ಚೀಫೂ ಕೊಡದ ಹಾಗೆ ನೋಡ್ಕೊತೀನಿ."

ಸಾಹೇಬರು ಹೋದ ಮೇಲೆ ದರ್ಜಿ ವಕೀಲರ ಕೈ ಹಿಡಿದುಕೊಂಡ. "ಮಗು, ವಕೀಲರೇ. ಎಂಟು ವರ್ಷ."

"ಮಗುವಿಗೇನೂ ಆಗಲ್ಲ. ಮೈನರ್ ಮಾಡಿದ ನಷ್ಟಕ್ಕೆ ಹೆತ್ತವರು ಉತ್ತರ ಹೇಳ್ಬೇಕಾಗಬಹುದು. ಎಷ್ಟು ಹೇಳ್ಬೇಕು ಅನ್ನೋದು ಆ ಹೊತ್ತಲ್ಲಿ ಅವಳನ್ನ ಯಾರು ನೋಡ್ಕೊತಿದ್ರು, ಹೇಗೆ ನೋಡ್ಕೊತಿದ್ರು ಅನ್ನೋದರ ಮೇಲೆ," ಎಂದು ಹೇಳಿ ವಕೀಲರು ನೇರವಾಗಿ ಬೇಕರಿಗೆ ಹೋದರು.

ಇಷ್ಟು ಕಾನೂನು ದರ್ಜಿಗೆ ಸಾಕಾಗಿತ್ತು. ಆದರೆ ಅವನಿಗೆ ಒಬ್ಬ ಭಾವಮೈದುನನಿದ್ದ. ಕೋರ್ಟಿನ ಎದುರಿನ ಮರದ ಕೆಳಗೆ ಕೂತು ಇತರರ ನೋಟೀಸುಗಳನ್ನು ಟೈಪ್ ಮಾಡುವುದು ಅವನ ಕೆಲಸ. ಹದಿನೈದು ವರ್ಷ ಕಾನೂನನ್ನು ಬೆರಳಿನಿಂದ ಮುಟ್ಟಿದವನು ತಾನು ಎಂದು ಅವನಿಗೆ ಗೊತ್ತಿತ್ತು. ಸಂಜೆ ಬಂದು, ಎರಡು ಲೋಟ ಚಹಾ ಕುಡಿದು, ವಿಚಾರಣೆಗೆ ಕೂತ.

"ಭಾವ, ನೀವು ಹೆದರಬೇಡಿ. ಹೊತ್ತು ಯಾವುದು ಅನ್ನೋದು ಮುಖ್ಯ. ಬೆಳಿಗ್ಗೆ ಆಗಿದ್ರೆ ಅಕ್ಕನ ಹೊಣೆ. ಮಧ್ಯಾಹ್ನ ಆಗಿದ್ರೆ ಅತ್ತೆದು. ಸಂಜೆ ಐದರಿಂದ ಏಳು ಮಾತ್ರ ನಿಮ್ದು."

"ಬೆಳಿಗ್ಗೆ ನಾನು ಒಲೆ ಮುಂದೆ ಇರ್ತೀನಿ," ಎಂದಳು ಹೆಂಡತಿ. "ಕತ್ತರಿ ಇರೋದು ಅಂಗಡೀಲಿ. ಅಂಗಡೀಲಿ ಯಾರಿರ್ತಾರೆ ಕೇಳು."

"ಮಧ್ಯಾಹ್ನ ನಾನು ಒಂದು ಗಳಿಗೆ ಕಣ್ಣು ಮುಚ್ತೀನಿ," ಎಂದಳು ತಾಯಿ. "ಅದನ್ನೂ ಬರ್ಕೊ. ಅಷ್ಟೊತ್ತಲ್ಲಿ ಆಗಿದ್ರೆ ನಂದೇ."

"ಅತ್ತೆ, ಹಾಗೆಲ್ಲ ಒಪ್ಕೋಬಾರದು. ಕಾನೂನಲ್ಲಿ ಮೊದಲು ಎಲ್ಲಾನೂ ಇಲ್ಲ ಅನ್ನಬೇಕು."

ಕೊನೆಗೆ ದಾರದುಂಡೆಯನ್ನು ಕರೆದು ಮೆಷಿನ್ನಿನ ಮುಂದೆ ನಿಲ್ಲಿಸಿದರು. ಅವಳು ಹೆದರಿದ್ದಳು, ಆದರೆ ಪ್ರಶ್ನೆ ಕೇಳಿದರೆ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು.

"ನಾನು ಸ್ಕೂಲಿಂದ ಬಂದು ಹಾಲು ಕುಡಿದ ಮೇಲೆ ಕತ್ತರಿಸಿದೆ ಮಾವ."

"ಅಂದ್ರೆ ಐದು ಗಂಟೆ," ಎಂದಳು ಹೆಂಡತಿ.

"ಯಾರಿಗೂ ಹೇಳದೆ ತಾನೇ?" ಎಂದ ಭಾವಮೈದುನ, ಆಸೆಯಿಂದ.

"ಅಪ್ಪನ್ನ ಕೇಳಿದೆ. ಅಪ್ಪಾ, ಟೇಪಿನ ತುದೀಲಿ ಸ್ವಲ್ಪ ಕತ್ತರಿಸಲಾ, ಬೆಲ್ಟಿಗೆ ಅಂತ. ಅಪ್ಪ ಹೂಂ ಅಂದ್ರು. ಹಿತ್ತಾಳೆ ಮತ್ತೆ ಹೊಲಿದುಬಿಡ್ಲಾ ಅಂದೆ. ಅದಕ್ಕೂ ಹೂಂ ಅಂದ್ರು."

ಹೆಂಡತಿ ಗಂಡನ ತುಟಿಯನ್ನು ನೋಡಿದಳು. ಅಲ್ಲಿ ಆಗಲೂ ಮೂರು ಸೂಜಿಗಳಿದ್ದವು.

ಭಾವಮೈದುನ ಎದ್ದು ಬಾಗಿಲು ಮುಂದೆ ಮಾಡಿ ಬಂದ. "ಈ ಹೂಂ ಇದೆಯಲ್ಲ, ಇದು ಈ ಮನೆಯಿಂದ ಹೊರಗೆ ಹೋಗಬಾರದು. ಹೂಂ ಅಂದ್ರೆ ಅಪ್ಪಣೆ. ಅಪ್ಪಣೆ ಕೊಟ್ಟ ಮೇಲೆ ಭಾವ ನೇರವಾಗಿ ಸಿಕ್ಕಿಹಾಕ್ಕೊಂಡ್ರು. ಉಂಡೇ, ಹೂಂ ಅಂದಿದ್ದನ್ನ ಯಾರ ಹತ್ರಾನೂ ಹೇಳಬೇಡ. ಹೇಳಿದ್ರೆ ಅಪ್ಪನ ಕೆಲಸ ಹೋಗುತ್ತೆ. ಗೊತ್ತಾಯ್ತಾ?"

"ನನಗೆ ಗೊತ್ತಾಯ್ತು," ಎಂದಳು ಉಂಡೆ.

ಶನಿವಾರ ಒಂದು ಕಾಗದ ತಯಾರಾಗಿ ಬಂತು. ಭಾನುವಾರ ತಾನು ಬರುವುದಿಲ್ಲ, ಟೈಪ್ ಮಾಡಿದವನು ಸ್ಥಳದಲ್ಲಿ ಹಾಜರಿರುವುದು ಕಾನೂನಿನಲ್ಲಿ ಸರಿಯಲ್ಲ ಎಂದು ಭಾವಮೈದುನ ಹೇಳಿಕಳಿಸಿದ್ದ.

ಭಾನುವಾರ ಹತ್ತಕ್ಕೆ ಅಂಗಡಿ ತುಂಬಿತ್ತು. ಸಾಹೇಬರು, ಅವರ ಹಿಂದೆ ಹನ್ನೆರಡು ಜನ, ವಕೀಲರು, ಬೇಕರಿಯವನು, ಪೋಸ್ಟ್‌ಮ್ಯಾನ್. ತಮಗೆ ಒಳಕಾಯಿಲೆಯಿಲ್ಲ ಎಂದು ಆಗಷ್ಟೇ ತಿಳಿದವರ ಮುಖದಲ್ಲಿ ಸಂತೋಷಕ್ಕಿಂತ ಕೋಪವೇ ಹೆಚ್ಚಾಗಿತ್ತು. ಜಾಗ ಸಾಲದೆ ಕೆಲವರು ಬಾಗಿಲ ಹೊರಗೆ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಆ ಅಂಗಡಿಗೆ ಒಂದೇ ದಿನ ಅಷ್ಟು ಜನ ಬಂದಿರಲಿಲ್ಲ.

"ಓದು," ಎಂದರು ಸಾಹೇಬರು.

ದರ್ಜಿ ಕಾಗದವನ್ನು ತೋಳು ಚಾಚಿ ಹಿಡಿದ. ಇನ್ನೂ ದೂರ ಹಿಡಿಯಬೇಕಾಗಿತ್ತು, ಅಷ್ಟರಲ್ಲಿ ತೋಳು ಮುಗಿಯಿತು. ಕನ್ನಡಕ ಹಾಕುವುದು ಅವನ ಪ್ರಕಾರ ಅಳತೆ ಬಾರದವರ ಲಕ್ಷಣ. ಹೆಂಡತಿಯ ಕಡೆ ಚಾಚಿದ. ಅವಳು ಮುಖ ತಿರುಗಿಸಿ, "ಅದನ್ನ ನಾನು ಓದಲ್ಲ," ಎಂದಳು.

"ನಾನು ಓದ್ತೀನಿ," ಎಂದಳು ದಾರದುಂಡೆ. "ಕ್ಲಾಸಲ್ಲಿ ಜೋರಾಗಿ ಓದೋದು ನಾನೇ."

ಯಾರಾದರೂ ತಡೆಯುವ ಮೊದಲೇ ಅವಳು ಕಾಗದ ತೆಗೆದುಕೊಂಡು, ಸ್ಟೂಲಿನ ಪಕ್ಕ ನೆಟ್ಟಗೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದಳು.

"ಸದರಿ ಅಂಗಡಿಯ ಅಳತೆ ಟೇಪನ್ನು ಸದರಿ ಅ-ಪ್ರಾ-ಪ್ತ ವಯಸ್ಸಿನ ಬಾಲಕಿಯು… ಅಪ್ಪಾ, ಸದರಿ ಅಂದ್ರೆ ಯಾರು?"

"ಮೇಲೆ ಹೇಳಿದವರು ಅಂತ," ಎಂದ ದರ್ಜಿ.

"ಮೇಲೆ ಯಾರನ್ನೂ ಹೇಳಿಲ್ಲ."

"ನೀನೇ ಕಣಮ್ಮ," ಎಂದರು ವಕೀಲರು ಮೆಲ್ಲಗೆ.

"ಓ. ಸದರಿ ಬಾಲಕಿಯು ತಂದೆಯ ಅರಿವಿಗೆ ಬಾರದಂತೆ, ತನ್ನ ಸ್ವಂತ ಬುದ್ಧಿಯಿಂದ…" ಉಂಡೆ ನಿಂತಳು. ಬೆರಳು ಆ ಸಾಲಿನ ಮೇಲೆ ಹಿಂದೆ ಮುಂದೆ ಹೋಯಿತು. "ಅಪ್ಪಾ, ಇಲ್ಲಿ ತಪ್ಪು ಬರ್ದಿದೆ." ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಏನೋ ನೆನಪಾಯಿತು. "ಇಲ್ಲ ಇಲ್ಲ, ಸರಿಯಾಗೇ ಇದೆ. ಸ್ವಂತ ಬುದ್ಧಿಯಿಂದ ಕತ್ತರಿಸಿರುತ್ತಾಳೆ. ಸದರಿಯವಳು ಸ್ವಭಾವದಿಂದಲೇ ತುಂಟಳೂ, ಹೇಳಿದ ಮಾತು ಕೇಳದವಳೂ ಆಗಿರುತ್ತಾಳೆ."

ಕೊನೆಯ ವಾಕ್ಯವನ್ನು ಅವಳು ಎಲ್ಲಕ್ಕಿಂತ ಸ್ಪಷ್ಟವಾಗಿ ಓದಿದಳು. ಬಾಗಿಲ ಹೊರಗೆ ನಿಂತವರಿಗೂ ಕೇಳಿಸಿತು. ಬೇಕರಿಯವನು ನೆಲ ನೋಡಿದ.

"ಆದ್ದರಿಂದ ತಂದೆಯ ಹೊಣೆ…"

ದರ್ಜಿ ಅವಳ ಕೈಯಿಂದ ಕಾಗದ ತೆಗೆದುಕೊಂಡ. ಆ ಗಳಿಗೆಯಲ್ಲಿ ಅವನ ಬಾಯಲ್ಲಿ ಒಂದೂ ಸೂಜಿಯಿರಲಿಲ್ಲ.

"ಇವಳು ಕೇಳಿದ್ಲು," ಎಂದ. "ಕತ್ತರಿಸಲಾ ಅಂತ ಕೇಳಿದ್ಲು. ನಾನು ಹೂಂ ಅಂದೆ. ಏನು ಕೇಳಿದ್ಲು ಅಂತ ತಿರುಗಿ ನೋಡ್ಲಿಲ್ಲ. ಎರಡು ಸಲ ಕೇಳಿದ್ಲು, ಎರಡು ಸಲಾನೂ ನೋಡ್ಲಿಲ್ಲ. ತುಂಟಿ ಅಲ್ಲ ಇವಳು. ಆ ಹೊಲಿಗೆ ನೋಡಿ ಬೇಕಾದ್ರೆ." ಹನ್ನೆರಡು ಜನರ ಕಡೆ ತಿರುಗಿದ. "ಆಮೇಲೆ ನಿಮ್ಮನ್ನೆಲ್ಲ ದಪ್ಪ ಆಗಿದೀರ ಅಂದೆ. ಅದನ್ನ ಮಗು ಹೇಳ್ಲಿಲ್ಲ. ಟೇಪೂ ಹೇಳ್ಲಿಲ್ಲ. ನಾನೇ ಹೇಳಿದ್ದು. ತಪ್ಪು ನಂದಿರಬಹುದು ಅನ್ನೋದು ತಲೆಗೇ ಬರ್ಲಿಲ್ಲ."

"ಅಪ್ಪಾ, ಮಾವ ಹೇಳಬಾರ್ದು ಅಂದಿದ್ರು," ಎಂದಳು ಉಂಡೆ, ಪಿಸುಮಾತಿನಲ್ಲಿ. ಅವಳ ಪಿಸುಮಾತು ಎಲ್ಲರಿಗೂ ಕೇಳಿಸುವಂಥದ್ದು.

ವಕೀಲರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಈ ಕಾಗದ ನಿಲ್ಲಲ್ಲ. ಹೊಣೆ ಪೂರ್ತಿ ಇವನದೇ."

ಆಗ ಸ್ಟೂಲಿನ ಮೇಲಿದ್ದ ತಾಯಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟು ಎದ್ದಳು. "ಎಲ್ಲಿ ಸಹಿ ಮಾಡ್ಬೇಕು?"

"ನೀವು ಯಾಕಮ್ಮಾ?" ಎಂದರು ಸಾಹೇಬರು.

"ಮಕ್ಕಳು ಮಾಡಿದ್ದಕ್ಕೆ ಹೆತ್ತವರು ಹೊಣೆ ಅಂತ ಈ ವಕೀಲರೇ ಹೇಳಿದ್ದು. ಇವನು ನನ್ನ ಮಗ."

"ಅಮ್ಮಾ, ಅದು ಮೈನರ್ ಇರೋ ತನಕ ಮಾತ್ರ," ಎಂದರು ವಕೀಲರು. "ನಿಮ್ಮ ಮಗನಿಗೆ ನಲವತ್ತಾರು."

"ಆಯ್ತಾ ನಲವತ್ತಾರು?" ತಾಯಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಕಾಗದದಲ್ಲಿ ಇರ್ಬಹುದಪ್ಪ. ನೋಡಿದ್ರೆ ನಿಮಗೆ ಹಾಗನ್ಸುತ್ತಾ?"

ಎಲ್ಲರೂ ದರ್ಜಿಯನ್ನು ನೋಡಿದರು. ಅವನು ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡು, ಮಗಳ ಹೆಗಲ ಮೇಲೆ ಒಂದು ಕೈಯಿಟ್ಟು ನಿಂತಿದ್ದ. ಕಣ್ಣು ಒದ್ದೆಯಾಗಿತ್ತು, ಮೂಗು ಕೆಂಪಾಗಿತ್ತು. ನಲವತ್ತಾರು ಎಂದು ಪ್ರಮಾಣ ಮಾಡಿ ಹೇಳಲು ಅಲ್ಲಿ ಒಬ್ಬರಿಗೂ ಧೈರ್ಯ ಬರಲಿಲ್ಲ.

"ಚಿಕ್ಕಂದಿನಿಂದ ಹೀಗೇ," ಎಂದಳು ತಾಯಿ. "ಕೇಳಿಸ್ಕೊಳ್ಳದೆ ಹೂಂ ಅಂತಾನೆ. ತಿದ್ದಬೇಕಾಗಿದ್ದು ನಾನು, ತಿದ್ದಲಿಲ್ಲ. ಕೋಟು ಕೊಡಿ, ಬಿಚ್ತೀನಿ. ಹದಿಮೂರನ್ನೂ ನಾನೇ ಬಿಚ್ತೀನಿ. ಎರಡು ಪಕ್ಕಕ್ಕೂ ಪಟ್ಟಿ ಸೇರಿಸಿ ಇವನು ಹೊಲೀಲಿ. ಬಿಟ್ಟಿ ಹೊಲೀಲಿ. ಆಗಲ್ಲ ಅಂದ್ರೆ ಕರ್ಕೊಂಡು ಹೋಗಿ, ಆದ್ರೆ ಇಬ್ಬರನ್ನೂ ಕರ್ಕೊಂಡು ಹೋಗಿ."

ಸಾಹೇಬರು ಬೆಂಕಿಯನ್ನು ಎದುರಿಸಿದವರು. ಉರಿಯುವ ಮನೆಯಿಂದ ಜನರನ್ನು ಹೊತ್ತು ತಂದವರು. ಈಗ ಏನು ಮಾಡಬೇಕೆಂದು ಅವರಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಹನ್ನೆರಡು ಜನ ಹಿಂದಿನಿಂದ ಅವರ ಬೆನ್ನು ನೋಡುತ್ತಿದ್ದರು.

"ಹೊಸ ಟೇಪು ಇದೆಯಾ?" ಎಂದು ಕೇಳಿದರು ಕೊನೆಗೆ.

ಹೆಂಡತಿ ಗುಂಡಿಯ ಡಬ್ಬಿಯಿಂದ ಹೊಸದೊಂದನ್ನು ತೆಗೆದು, ಒಂದರಿಂದ ಶುರುವಾಗುತ್ತದೆಂದು ಎಲ್ಲರಿಗೂ ತೋರಿಸಿ, ಗಂಡನ ಕೈಗೆ ಕೊಟ್ಟಳು. ಸಾಹೇಬರು ಬೆಲ್ಟು ಸಡಿಲಿಸಿ, ಮುಂದೆ ಬಂದು, ಎರಡೂ ಕೈಗಳನ್ನು ಪಕ್ಕಕ್ಕೆ ಎತ್ತಿ ನಿಂತರು. ದರ್ಜಿ ಟೇಪನ್ನು ಅವರ ಬೆನ್ನಿನ ಹಿಂದೆ ಹಾಯಿಸಿ ಎದೆಗೆ ತಂದ. ಮೊದಲ ಸಲ ಅವನು ಎರಡು ತುದಿಗಳನ್ನೂ ನೋಡಿದ.

"ಹೊಟ್ಟೆ ಬಿಡಪ್ಪ," ಎಂದಳು ತಾಯಿ ಸಾಹೇಬರಿಗೆ. "ಒಂದು ತಿಂಗಳು ಹಿಡ್ಕೊಂಡಿದ್ದು ಸಾಕು."

ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿ, ಬಿಟ್ಟರು. ಅವರ ಹಿಂದೆ ಹನ್ನೆರಡು ಜನ ಬಿಟ್ಟರು. ಬೇಕರಿಯವನು ಬಿಟ್ಟ, ಪೋಸ್ಟ್‌ಮ್ಯಾನ್ ಬಿಟ್ಟ, ವಕೀಲರು ಗೋಡೆಗೆ ಒರಗಿಕೊಂಡು ಕಣ್ಣು ಮುಚ್ಚಿ ಬಿಟ್ಟರು. ಅಷ್ಟು ಉಸಿರಿಗೆ ಮೇಜಿನ ಮೇಲಿದ್ದ ಬಟ್ಟೆಯ ಚೂರುಗಳೆಲ್ಲ ಎದ್ದು, ಮೆಲ್ಲನೆ ತಿರುಗಿ, ನೆಲಕ್ಕೆ ಬಿದ್ದವು.